ಎತ್ತು ಹೂಡದ ದಿನ

ಬಸ್ಸು ಚನ್ನಗಿರಿ ಬಿಟ್ಟು ಕೋಟೆಯ ಗುಡ್ಡ ಹಿಂದೆ ಸರಿಯುವಷ್ಟರಲ್ಲಿ ಕಸ್ತೂರಿಗೆ ತಾನು ಖುಷಿಯಾಗಿದ್ದೇನೋ ಏನೋ ಎಂಬ ಅನುಮಾನ ಬಂತು. ಜ್ವರ ಬಂದಿದೆಯೇ ಎಂದು ಕೊರಳು ಮುಟ್ಟಿ ನೋಡಿಕೊಳ್ಳುವ ಹಾಗೆ ಒಳಗೊಳಗೇ ತನ್ನನ್ನು ಮುಟ್ಟಿ ನೋಡಿಕೊಂಡಳು. ಹೌದು, ಇತ್ತು. ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಪಕ್ಕದಲ್ಲಿ ಕುಳಿತ ಹೆಂಗಸಿನ ಮಡಿಲಲ್ಲಿದ್ದ ಕೋಳಿ ಕುತ್ತಿಗೆ ಚಾಚಿ ಅವಳ ಸೀರೆಯ ಅಂಚನ್ನು ಕುಕ್ಕಿ ನೋಡುತ್ತಿತ್ತು. ಕಿಟಕಿಯ ಸರಳಿನ ಮೇಲೆ ಮಳೆಯ ಹನಿಗಳು ಸಾಲಾಗಿ ನಿಂತು, ಬಸ್ಸು ಕುಲುಕಿದಾಗಲೆಲ್ಲ ಒಂದರೊಳಗೊಂದು ಸೇರಿ ಉದುರುತ್ತಿದ್ದವು. ಇಷ್ಟೇ. ಇದರಲ್ಲಿ ಖುಷಿಪಡುವಂಥದ್ದು ಏನೂ ಇರಲಿಲ್ಲ. ಗಂಡ ಮಹೇಶ್ವರಪ್ಪ ತೀರಿಕೊಂಡ ಈ ಎರಡು ವರ್ಷಗಳಲ್ಲಿ ಇಂಥದ್ದೇನಾದರೂ ಮನಸ್ಸಿಗೆ ಬಂದರೆ, ಯಾರ ಮನೆಯದೋ ಪಾತ್ರೆ ತಪ್ಪಿ ತನ್ನ ಮನೆಗೆ ಬಂದಿದೆಯೆಂಬಂತೆ ಅದನ್ನು ಒಂದು ಮೂಲೆಯಲ್ಲಿಟ್ಟು, ಕೇಳಿಕೊಂಡು ಬರುವವರಿಗಾಗಿ ಕಾಯುತ್ತಿದ್ದಳು. ಇವತ್ತು ಮೂಲೆಯಲ್ಲಿಡಲು ಹೋದರೆ ಅದು ಅಲ್ಲಿ ನಿಲ್ಲಲಿಲ್ಲ. ಮೇಲಾಗಿ ಇವತ್ತು ಖುಷಿಯಾಗಿರಲು ಹೊತ್ತೂ ಇರಲಿಲ್ಲ. ನಾಳೆ ಬೆಳಗಿನ ಟಪಾಲು ಹೋಗುವುದರೊಳಗೆ ಬೆಳಕೆರೆಯೆಂಬ ಎಂಬತ್ತು ಮನೆಯ ಊರಿನಿಂದ ಇಪ್ಪತ್ತೈದು ಮಂದಿ ಪಾಲಕರ ಒಪ್ಪಿಗೆಯ ಸಹಿ ಚನ್ನಗಿರಿಯ ಶಿಕ್ಷಣ ಕಚೇರಿಯ ಮೇಜಿನ ಮೇಲಿರಬೇಕು. ಇದ್ದರೆ ಆ ಊರಿನ ಶಾಲೆಗೆ ಈ ವರ್ಷ ಐದನೇ ತರಗತಿ ಬರುತ್ತದೆ. ಇಲ್ಲದಿದ್ದರೆ ನಾಲ್ಕಕ್ಕೇ ನಿಲ್ಲುತ್ತದೆ. ಗಂಡುಹುಡುಗರು ಮೂರು ಮೈಲಿ ನಡೆದು ಉಬ್ರಾಣಿಯ ಶಾಲೆಗೆ ಹೋಗುತ್ತಾರೆ. ಹುಡುಗಿಯರನ್ನು ಯಾರೂ ಅಷ್ಟು ದೂರ ಕಳಿಸುವುದಿಲ್ಲ. ನಾಲ್ಕು ಮುಗಿಸಿದ ಹನ್ನೊಂದು ಹುಡುಗಿಯರ ಹೆಸರು ಅವಳ ಚೀಲದಲ್ಲಿದ್ದ ಹಾಳೆಯಲ್ಲಿತ್ತು. ತೆಗೆದು ನೋಡಬೇಕಾಗಿರಲಿಲ್ಲ, ಬಾಯಿಗೇ ಬರುತ್ತಿತ್ತು.

ಇದೆಲ್ಲ ಶುರುವಾದದ್ದು ಫೆಬ್ರವರಿಯಲ್ಲಿ, ಮೇಲಿನ ಕಚೇರಿಯಿಂದ ಬಂದ ಒಂದು ಕಾಗದದಿಂದ. ಎಂಬತ್ತೊಂದನೇ ಇಸವಿಯ ಶಾಲೆ ತೆರೆಯುವುದರೊಳಗೆ ಪ್ರತಿ ವೃತ್ತ ಕಚೇರಿಯೂ ಜನರೊಂದಿಗೆ ಪರಿಣಾಮಕಾರಿ ಸಂಪರ್ಕಕ್ಕಾಗಿ ಒಂದು ಯೋಜನೆ ತಯಾರಿಸಬೇಕೆಂದು ಅದರಲ್ಲಿತ್ತು. ವೃತ್ತದ ಅಧಿಕಾರಿ ಮಲ್ಲಿಕಾರ್ಜುನಪ್ಪನವರು ಅದನ್ನು ಎರಡು ಸಲ ಓದಿ, ಹಿಂದುಗಡೆ ಏನಾದರೂ ಇದೆಯೇ ಎಂದು ಮಗುಚಿ ನೋಡಿ, ಅವಳ ಕಡೆ ತಳ್ಳಿದರು. ನೀವು ಮೈಸೂರಲ್ಲಿ ಎಂ.ಎ. ಮಾಡಿದೋರು, ಇದೇನೋ ನಿಮ್ಮ ಕಡೇದು ಕಂಡಂಗೈತೆ ಎಂದರು. ಮೇಷ್ಟ್ರಾಗಿದ್ದ ಗಂಡನ ಸಾವಿನ ಮೇಲೆ ಸಿಕ್ಕ ಗುಮಾಸ್ತೆಯ ಕೆಲಸ ಅವಳದು. ಇಪ್ಪತ್ತಾರು ವರ್ಷದವಳನ್ನು ಕಚೇರಿಯಲ್ಲಿ ಎಲ್ಲರೂ ಕಸ್ತೂರಮ್ಮ ಅನ್ನುತ್ತಿದ್ದರು. ಕರೆದವರ ದನಿ ಕರೆಯುತ್ತಲೇ ಅರ್ಧ ತಗ್ಗುತ್ತಿತ್ತು. ಅವಳು ಹದಿನೆಂಟು ಪುಟ ಬರೆದಳು. ನಲವತ್ತೆರಡು ಶಾಲೆಗಳ ನಕ್ಷೆ ಹಾಕಿ, ಕಚೇರಿಯಿಂದ ಒಂದೊಂದು ಊರಿಗೂ ಕೆಂಪು ಶಾಯಿಯಲ್ಲಿ ಬಾಣ ಎಳೆದಳು. ಸುತ್ತೋಲೆ ಟಪಾಲಿನಲ್ಲಿ ಹೋಗುತ್ತದೆ, ಮುಖ್ಯೋಪಾಧ್ಯಾಯರು ಅದನ್ನು ಗೋಡೆಗೆ ಅಂಟಿಸುತ್ತಾರೆ, ರಜೆಯ ದಿನವಾದ ಭಾನುವಾರ ಪಾಲಕರೆಲ್ಲ ಶಾಲೆಯಲ್ಲಿ ಸೇರುತ್ತಾರೆ. ಸ್ಕೇಲು ಹಿಡಿದು ಗೆರೆ ಎಳೆಯುವಾಗ ಹಿತವೆನಿಸಿತ್ತು. ಕಾಗದ ಹೋಗುವಲ್ಲಿಗೆ ತಾನು ಹೋಗಬೇಕಾಗಿಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಟವರಿಗೆ ಎದುರಾಗಬೇಕಾಗಿಲ್ಲ, ಅವರು ಒಂದು ಗಳಿಗೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗಿ, ತಾನು ದಾಟಿಹೋಗಲೆಂದು ಕಾಯುವುದನ್ನು ನೋಡಬೇಕಾಗಿಲ್ಲ. ಬಾಣ ಊರಿಗೆ ಮುಟ್ಟಿದ ಮೇಲೆ ಏನಾಗುತ್ತದೆಂಬುದು ಹದಿನೆಂಟು ಪುಟದಲ್ಲಿ ಎಲ್ಲೂ ಇರಲಿಲ್ಲ.

ಮೊದಲ ಭಾನುವಾರ ನಲ್ಲೂರಿಗೆ ಹೋದಾಗ ಏಳು ಮಂದಿ ಬಂದಿದ್ದರು. ಅವರಲ್ಲಿ ನಾಲ್ವರು ಗೊಬ್ಬರದ ಚೀಟಿ ಕೊಡುತ್ತಾರೆಂದು ಬಂದವರು. ಇಲ್ಲವೆಂದು ತಿಳಿದ ಮೇಲೂ ಮರ್ಯಾದೆಗೆ ಸ್ವಲ್ಪ ಹೊತ್ತು ಕುಳಿತು ಎದ್ದುಹೋದರು. ಎರಡನೆಯ ಭಾನುವಾರ ತ್ಯಾವಣಿಗೆಯಲ್ಲಿ ಮೂವರು. ಮೂರನೆಯದು ಬೆಳಕೆರೆ. ಅಲ್ಲಿ ಮುಖ್ಯೋಪಾಧ್ಯಾಯ ಪಂಚಾಕ್ಷರಪ್ಪ ಬೆಂಚುಗಳನ್ನೆಲ್ಲ ಒರೆಸಿ, ಮೇಜಿಗೆ ಬಿಳಿ ಪಂಚೆ ಹಾಸಿ, ಕಾದ. ಒಬ್ಬರೂ ಬರಲಿಲ್ಲ. ಹನ್ನೆರಡೂವರೆಗೆ ಅವನು ಪಂಚೆ ಮಡಚುತ್ತ, ಅದು ತನ್ನದೇ ತಪ್ಪೆಂಬಂತೆ ಅವಳ ಕಡೆ ನೋಡದೆ, ಕಾಫಿ ಕುಡಿದು ಹೋಗಿ ಮೇಡಂ ಎಂದ. ಆ ಪಂಚೆಯ ಮಡಿಕೆಗಳನ್ನು ಅವನು ಎಷ್ಟು ನಿಧಾನವಾಗಿ, ಎಷ್ಟು ಮೂಲೆಗೆ ಮೂಲೆ ಸೇರಿಸಿ ಮಡಚಿದನೆಂದರೆ ಅವಳಿಗೆ ಕೂಗಬೇಕೆನ್ನಿಸಿತ್ತು. ಹೊರಗೆ ಬಂದು ಊರಬಾಗಿಲ ಹತ್ತಿರ ನಿಂತಾಗ, ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು ಹೊಲಕ್ಕೆ ಹೊರಟಿದ್ದ ಒಬ್ಬ ಹೆಂಗಸು ಎದುರು ಬಂದಳು. ಕಸ್ತೂರಿ ಅಭ್ಯಾಸದಂತೆ ದಾರಿಯ ಬದಿಗೆ ಸರಿದಳು. ಹೆಂಗಸೂ ಸರಿಯುತ್ತಾಳೆಂದುಕೊಂಡರೆ ಅವಳು ನೇರ ಎದುರಿಗೇ ಬಂದು ನಿಂತಳು, ಕೆಂಪಕ್ಕ ಅಂತ, ನಮ್ಮ ಹುಡುಗಿ ನಾಲ್ಕನೇದು ಪಾಸಾಗ್ಯಾಳೆ ಎಂದು ತಾನೇ ಹೇಳಿಕೊಂಡಳು.

"ಐತ್ವಾರ ಸಭೆ ಇಟ್ಟೀರಂತಲ್ಲ ತಂಗಿ, ಹೊಲ ಹದಕ್ಕೆ ಬಂದೈತೆ, ಕೂರಿಗೆ ಬಿಟ್ಟು ಯಾರು ಬರಾಕಾಗ್ತೈತೆ? ಸೋಮಾರ ಇಡಬಾರದೇನು? ಸೋಮಾರ ಎತ್ತು ಹೂಡಲ್ಲ. ನಮ್ಮ ಗಂಡಸರು ಕಟ್ಟೆ ಮೇಲೆ ಕುಂತಿರ್ತಾರೆ, ಬೈದ್ರೂ ಏಳಲ್ಲ."

ಅಷ್ಟು ಹೇಳಿ ಕೆಂಪಕ್ಕ ಹೋದಳು. ಕಸ್ತೂರಿ ಅಲ್ಲೇ ನಿಂತಿದ್ದಳು. ಚಿಕ್ಕಂದಿನಲ್ಲಿ ತವರೂರು ಹೊನ್ನಾಳಿಯ ಹೊಳೆಯಲ್ಲಿ ಅಪ್ಪ ಎರಡು ಜೊತೆ ಎತ್ತುಗಳನ್ನು ಇಳಿಸಿ ಮೈ ತಿಕ್ಕುತ್ತಿದ್ದರು. ಅದು ಸೋಮವಾರ. ಬಸವಣ್ಣನ ದಿನ, ಹೆಗಲ ಮೇಲೆ ನೊಗ ಇಡಬಾರದು. ಆರು ವರ್ಷದವಳನ್ನು ಅಪ್ಪ ಎತ್ತಿ ಹಿಡಿದರೆ ಅವಳು ಮೂರು ಬೆರಳಲ್ಲಿ ಎತ್ತಿನ ಹಣೆಗೆ ವಿಭೂತಿ ಎಳೆಯುತ್ತಿದ್ದಳು. ಹಣೆಯ ಸುಳಿಯ ಹತ್ತಿರ ಬೆರಳು ಬಂದಾಗ ಎತ್ತು ಕಣ್ಣು ಮುಚ್ಚುತ್ತಿತ್ತು. ಅದರ ಮೂಗಿನ ಉಸಿರು ಬಿಸಿಯಾಗಿ ಅವಳ ಹೊಟ್ಟೆಗೆ ತಾಗುತ್ತಿತ್ತು, ಕಚಗುಳಿಯಾಗಿ ಅವಳು ನಕ್ಕರೆ ಅಪ್ಪನ ಕೈ ಸಡಿಲಾಗುತ್ತಿತ್ತು. ಇದನ್ನು ಅವಳು ಮರೆತಿದ್ದಳು. ಮೈಸೂರಿನಲ್ಲಿ ಎರಡು ವರ್ಷ ಹಳ್ಳಿಗಳ ಸಮಾಜವ್ಯವಸ್ಥೆಯನ್ನು ಓದಿ, ಪರೀಕ್ಷೆಯಲ್ಲಿ ಅದರ ಬಗ್ಗೆಯೇ ಉತ್ತರ ಬರೆದು ಬಂದಿದ್ದಳು. ಗೊತ್ತಿಲ್ಲದಿದ್ದರೆ ಯಾರನ್ನಾದರೂ ಕೇಳಬಹುದಿತ್ತು; ಗೊತ್ತಿದ್ದೂ ಮರೆತದ್ದಕ್ಕೆ ಯಾರನ್ನು ಕೇಳುವುದು? ಮಲ್ಲಿಕಾರ್ಜುನಪ್ಪನವರಿಗೆ ಗೊತ್ತಿರಲಿಲ್ಲವೇ? ಅವರ ಅಣ್ಣ ಈಗಲೂ ಬೇಸಾಯ ಮಾಡುತ್ತಾರೆ. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಚೇರಿಯ ಮೆಟ್ಟಿಲು ಹತ್ತುವಾಗ ಎಲ್ಲರೂ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಿದ್ದರು.

ಮಾರನೆಯ ದಿನ ಸಾಹೇಬರು ಬೆಳಕೆರೆಯ ವಿಷಯ ಮುಗಿಸೋಣವೆಂದು ಮೇಲಿನ ಕಚೇರಿಗೆ ಕಾಗದ ಹೇಳಿ ಬರೆಸಿದರು. ಸದರಿ ಗ್ರಾಮದ ಸಾರ್ವಜನಿಕರಲ್ಲಿ ಐದನೇ ತರಗತಿಯ ಬಗ್ಗೆ ಆಸಕ್ತಿ ಕಂಡುಬಂದಿರುವುದಿಲ್ಲ. ಅವಳು ಎಲ್ಲರೂ ಹೊಗಳುವ ತನ್ನ ದುಂಡು ಅಕ್ಷರದಲ್ಲಿ ಅದನ್ನು ಬರೆದಳು. ಬರೆದು ಪೆನ್ನು ಎತ್ತಿದಾಗ, ಇದು ಸುಳ್ಳು ಸಾರ್, ಎಂಬ ಮಾತು ಕೇಳಿಸಿತು. ತಾನೇ ಆಡಿದ್ದೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಕಚೇರಿಗೆ ಸೇರಿ ಹದಿನಾಲ್ಕು ತಿಂಗಳಲ್ಲಿ ಕೇಳದೆ ಆಡಿದ ಮೊದಲ ಮಾತು ಅದು. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅವರು ಕೆಟ್ಟವರಲ್ಲ; ಮೂರು ಹೆಣ್ಣುಮಕ್ಕಳ ತಂದೆ. ಬರುವ ಸೋಮವಾರ ಬೇಕಾದರೆ ಹೋಗಿಬನ್ನಿ, ಆದರೆ ಅದು ಕೆಲಸದ ದಿನ, ನಿಮ್ಮ ರಜೆಯ ಮೇಲೆ ಹೋಗಬೇಕು, ಮಂಗಳವಾರ ಬೆಳಿಗ್ಗೆ ಇಪ್ಪತ್ತೈದು ಸಹಿ ಇದ್ದರೆ ಈ ಕಾಗದ ನಾನೇ ಹರಿಯುತ್ತೇನೆ, ಇಲ್ಲದಿದ್ದರೆ ನೀವೇ ಬರೆದದ್ದು ನಿಜವಾಯಿತು ಎಂದರು. ಹಾಗೆ ಅಂದದ್ದರಲ್ಲಿ ಕುಹಕವಿತ್ತೋ ಇಲ್ಲವೋ, ಅವಳಿಗಂತೂ ಕಿವಿಯ ತುದಿ ಬಿಸಿಯಾಯಿತು. ಮೇಜಿಗೆ ಬಂದು ಹೊಸ ಹಾಳೆ ತೆಗೆದು ಸುತ್ತೋಲೆಗೆ ತಲೆಬರಹ ಹಾಕುತ್ತಿದ್ದಾಗ, ಸೈಕ್ಲೋಸ್ಟೈಲ್ ಯಂತ್ರದ ಹಿಂದೆ ಮಸಿ ಒರೆಸಿಕೊಳ್ಳುತ್ತ ನಿಂತಿದ್ದ ಜವಾನ ತಿಪ್ಪೇಶಪ್ಪ ಬಂದು ಹಾಳೆಯನ್ನು ನೋಡಿದ. ಜಗಳೂರಿನ ಕಡೆಯವನು, ಇನ್ನೊಂದು ವರ್ಷಕ್ಕೆ ನಿವೃತ್ತಿ. ನಮ್ಮೂರಾಗೆ ನೀರಿಗೆ ಬರ, ಮಾತಿಗೆ ಬರ ಇಲ್ಲ ಎಂದು ತಾನೇ ಹೇಳಿಕೊಳ್ಳುವವನು.

"ಕಾಗದ ಬರೀಬ್ಯಾಡ್ರಿ ತಾಯಿ," ಅಂದ. "ಕಾಗದ ಬಂತಂದ್ರೆ ಜನ ಬಾಗಿಲು ಹಾಕ್ಕೊಂತಾರೆ. ನಮ್ಮ ಜಗಳೂರು ಕಡೆ ಒಂದು ಸುದ್ದಿ ನಾಕೂರಿಗೆ ಮುಟ್ಟಬೇಕಂದ್ರೆ, ಹಿಟ್ಟಿನ ಗಿರಣಿಯೋನಿಗೆ ಹೇಳಿ, ಯಾರಿಗೂ ಹೇಳಬ್ಯಾಡಪ್ಪ ಅಂತೀವಿ."

ಅವನು ನಗಿಸಲೆಂದು ಹೇಳಿದ್ದ. ಅವಳು ನಗಲಿಲ್ಲ. ಬಾಯಿಮಾತು ಎಂಬ ಪದಕ್ಕೇ ಅವಳ ಹೊಟ್ಟೆಯಲ್ಲಿ ಒಂದು ಜಾಗವಿತ್ತು, ಅಲ್ಲಿ ಒತ್ತಿದರೆ ನೋಯುತ್ತಿತ್ತು. ಮದುವೆಯಾದ ಮೊದಲ ಆಷಾಢಕ್ಕೆ ಹೊನ್ನಾಳಿಯ ತವರಿಗೆ ಬಂದಿದ್ದಳು. ಗಂಡನಿದ್ದ ನ್ಯಾಮತಿಯಿಂದ ಬಂದ ಬಸ್ಸಿನ ಕಂಡಕ್ಟರು ಚಿಕ್ಕಪ್ಪನ ಅಂಗಡಿಯ ಮುಂದೆ ನಿಲ್ಲಿಸಿ, ಮೇಷ್ಟ್ರಿಗೆ ಮೈ ಬೆಚ್ಚಗೈತಂತೆ, ಮನೆಯೋರನ್ನ ನೆನೆಸ್ತಿದ್ರಂತೆ, ಹೋಟ್ಲೋನು ಹೇಳಿಕಳಿಸ್ಯಾನೆ ಎಂದು ಹೇಳಿಹೋದ. ಅವಳು ನಕ್ಕಳು. ಹೋಟೆಲಿನವನು ಕಂಡಕ್ಟರಿಗೆ ಹೇಳಿ, ಕಂಡಕ್ಟರು ಚಿಕ್ಕಪ್ಪನಿಗೆ ಹೇಳಿ, ಇದನ್ನು ನಂಬಿ ಆಷಾಢದಲ್ಲಿ ಗಂಡನ ಮನೆಗೆ ಓಡಿದಳೆಂದರೆ ಊರೇ ಆಡಿಕೊಳ್ಳುತ್ತದೆ. ಕಾಗದ ಬರಲಿ, ನೋಡೋಣ, ಅಂದಳು. ಕಾಗದ ಮೂರನೆಯ ದಿನ ಬಂತು. ಅವನದೇ ಅಕ್ಷರ, ಗಾಬರಿಯಾಗಬೇಡ ಎಂದಿತ್ತು. ಅದನ್ನು ಓದುವಾಗ ಅವನು ಇರಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ. ಕಾಗದ ಬರಲಿ ಅಂದದ್ದು ಅವ್ವನಿಗೂ ಚಿಕ್ಕಪ್ಪನಿಗೂ ನೆನಪಿರಲಿಲ್ಲ. ಅವಳಿಗೊಬ್ಬಳಿಗೇ ನೆನಪಿತ್ತು, ತಾನು ಆಗ ತಲೆ ಬಾಚಿಕೊಳ್ಳುತ್ತಿದ್ದದ್ದು, ಹಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಆ ಮಾತು ಹೇಳಿದ್ದು.

ಆದರೂ ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟ ಮೇಲೆ ಉಬ್ರಾಣಿಯ ಬಸ್ಸು ಹತ್ತಿದಳು. ಯಾಕೆ ಹತ್ತಿದಳೋ. ಬೆಳಕೆರೆಯವರೂ ಹಿಟ್ಟು ಹಾಕಿಸುವ ಅಲ್ಲಿಯ ಗಿರಣಿಯೊಳಗೆ ಕಾಲಿಟ್ಟರೆ ಯಂತ್ರದ ಬೆಲ್ಟಿನ ಸದ್ದಿಗೆ ಗೋಡೆಯೇ ನಡುಗುತ್ತಿತ್ತು. ಗಿರಣಿಯ ಉಚ್ಚಂಗೆಪ್ಪ ಹುಬ್ಬು ರೆಪ್ಪೆಯೆಲ್ಲ ಬೆಳ್ಳಗೆ ಮಾಡಿಕೊಂಡು ಹಿಟ್ಟಿನ ಬಾಯಿಗೆ ಕೈಯೊಡ್ಡಿ ನುಣುಪು ನೋಡುತ್ತಿದ್ದ. ಸುತ್ತ ಡಬ್ಬಿ, ಚೀಲ, ಪುಟ್ಟಿ ಇಟ್ಟುಕೊಂಡ ಹೆಂಗಸರು. ಅವಳು ಎಂದಿನ ದನಿಯಲ್ಲಿ ಹೇಳಿದಳು. ಅವನು ಕಿವಿಗೆ ಕೈಯಿಟ್ಟ. ಇನ್ನೂ ಸ್ವಲ್ಪ ಜೋರಾಗಿ ಹೇಳಿದಳು. ಅವನು ತಲೆಯಾಡಿಸಿದ, ಕೇಳಲಿಲ್ಲವೆಂದು. ಎರಡು ವರ್ಷದಿಂದ ಅವಳು ದನಿಯೆತ್ತಿ ಮಾತಾಡಿರಲಿಲ್ಲ. ಸಾವಿನ ಮನೆಯಲ್ಲೂ ಕೂಗಿ ಅತ್ತಿರಲಿಲ್ಲ. ಓದಿದೋಳು, ತಡ್ಕೊಂಡಾಳೆ ಎಂದು ಬಂದವರು ಮಾತಾಡಿಕೊಂಡಿದ್ದರು. ಈಗ ಉಬ್ರಾಣಿಯ ಗಿರಣಿಯಲ್ಲಿ, ಎರಡೂ ಕೈ ಬಾಯಿಯ ಸುತ್ತ ಹಿಡಿದು, ಹೊಟ್ಟೆಯಿಂದ ಕೂಗಿದಳು. ಸೋಮವಾರ ಹತ್ತು ಗಂಟೆಗೆ ಬೆಳಕೆರೆ ಶಾಲೆ ಹತ್ತಿರ ಎಲ್ಲರೂ ಬರಬೇಕಂತೆ, ಹುಡುಗಿಯರ ಐದನೇ ಕ್ಲಾಸಿನ ಮಾತಂತೆ. ಕೂಗುತ್ತಿದ್ದವಳು ತಾನೇ ಆಗಿದ್ದರೂ ಯಾರೋ ಹೇಳಿಕಳಿಸಿದ್ದನ್ನು ಹೇಳುವ ಹಾಗೆ ಅಂತೆ ಅಂತೆ ಎಂದೇ ಬಾಯಿಗೆ ಬಂತು. ಹೆಂಗಸರಲ್ಲಿ ಒಬ್ಬಳು ಅದನ್ನೇ ಹಿಂದಿನವರಿಗೆ ಕೂಗಿದಳು, ಅವರು ಹೊರಗಿನವರಿಗೆ. ಮಾತು ಬಾಗಿಲು ದಾಟಿ ಹೋದದ್ದು ಅವಳಿಗೆ ಕಣ್ಣಿಗೆ ಕಾಣುವಂತಿತ್ತು. ಹೊರಗೆ ಬಂದಾಗ ಗಂಟಲು ಉರಿಯುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಇದಕ್ಕೆ ಟಿಕೆಟ್ಟು ಕೊಡ್ಲೋ ಹಿಟ್ಟಿನ ಮೂಟೆ ಅಂತ ಲಗೇಜು ಹಾಕ್ಲೋ ಎಂದು ಕೇಳಿದ. ಬಸ್ಸು ಬಸ್ಸೇ ನಕ್ಕಿತು. ಗಾಜಿನಲ್ಲಿ ನೋಡಿಕೊಂಡರೆ ಹಣೆ, ಕೆನ್ನೆ, ಕೂದಲು ಎಲ್ಲ ಒಂದೇ ಬಿಳುಪು. ಅವಳೂ ನಕ್ಕಳು. ನಕ್ಕದ್ದು ತಿಳಿದದ್ದು ಮನೆಗೆ ಹೋಗಿ ಮುಖ ತೊಳೆಯುವಾಗ.

ಇವತ್ತು ಉಬ್ರಾಣಿಯಲ್ಲಿ ಇಳಿದು ಮೂರು ಮೈಲಿ ನಡೆಯುವಾಗ ಎರಡು ಬದಿಯ ಹೊಲಗಳಲ್ಲೂ ಜನವಿರಲಿಲ್ಲ. ಎಂಟು ದಿನದ ಹಿಂದೆ, ಸಭೆಯ ಭಾನುವಾರ, ಇದೇ ಹೊಲಗಳಲ್ಲಿ ಬಿತ್ತುವ ಕೂರಿಗೆಗಳು ಓಡಾಡುತ್ತಿದ್ದವು. ಅವಳು ಅವುಗಳನ್ನು ನೋಡಿಯೂ ನೋಡದೆ ಸಭೆಯಲ್ಲಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ತಿದ್ದುತ್ತ ಹೋಗಿದ್ದಳು. ಈಗ ಬಿತ್ತಿದ ಸಾಲುಗಳಲ್ಲಿ ಜೋಳ ಸೂಜಿಯಂತೆ ಮೂಡಿತ್ತು. ಒಂದು ಜೊತೆ ಎತ್ತು ಬದುವಿನ ಮೇಲೆ ಮೇಯುತ್ತ, ಮೈಯೆಲ್ಲ ತೊಳೆಸಿಕೊಂಡು, ಹಬ್ಬಕ್ಕೆ ಬಂದ ನೆಂಟರ ಹಾಗೆ ನಿಂತಿದ್ದವು. ಬಸ್ಸಿನಲ್ಲಿ ಬಂದಿದ್ದ ಖುಷಿಯ ಅನುಮಾನವೇ ಅವಳಿಗೆ ಮತ್ತೆ ಬಂತು. ಈ ಸಲ ಅವಳು ಮುಟ್ಟಿ ನೋಡಲಿಲ್ಲ.

ಶಾಲೆಯೊಳಗೆ ಪಾಲಕರು ಒಬ್ಬರೂ ಇರಲಿಲ್ಲ. ಹತ್ತೂಕಾಲು. ಮಕ್ಕಳನ್ನು ಜಗುಲಿಗೆ ಕಳಿಸಿ ಒಳಗಿನ ಬೆಂಚುಗಳನ್ನು ಖಾಲಿ ಮಾಡಿಟ್ಟಿದ್ದರು, ಮೇಜಿನ ಮೇಲೆ ಅದೇ ಪಂಚೆ. ಅವಳ ಕಾಲುಗಳು ಬಾಗಿಲಲ್ಲೇ ನಿಂತವು. ಬಾಯಿಮಾತು, ಅಂದುಕೊಂಡಳು. ಅಷ್ಟು ಕೂಗಿದ್ದು ಗಿರಣಿಯ ಹಿಟ್ಟಿನ ಜೊತೆ ಹಾರಿಹೋಗಿದೆ. ನಾಳೆ ಬೆಳಿಗ್ಗೆ ತನ್ನ ದುಂಡು ಅಕ್ಷರ ಟಪಾಲಿಗೆ ಹೋಗುತ್ತದೆ, ಹನ್ನೊಂದು ಹೆಸರುಗಳು ಅವಳ ಬಾಯಲ್ಲೇ ಉಳಿಯುತ್ತವೆ. ಅಂದು ನಂಬಬೇಕಾಗಿದ್ದಾಗ ನಂಬಲಿಲ್ಲ, ಈಗ ನಂಬಿದರೆ ಹೀಗೆ. ಪಂಚಾಕ್ಷರಪ್ಪ ಹೊರಗಿನಿಂದ ಬಂದವನು ಅವಳ ಮುಖ ನೋಡಿ ಗಾಬರಿಯಾಗಿ, ಜನ ಬಂದಿಲ್ಲ ಅಂತಲ್ಲ ಮೇಡಂ, ಬಂದಾರೆ, ಕಟ್ಟೆ ತನಕ ಬಂದಾರೆ, ಶಾಲೆ ಒಳಗೆ ಬರಾಕೆ ಒಲ್ಲೆ ಅಂತಾರೆ ಎಂದ. ಬೆಂಚಿನ ಮೇಲೆ ಕುಂತರೆ ಈ ವಯಸ್ಸಿನಾಗೆ ಮೇಷ್ಟ್ರು ಮಗ್ಗಿ ಕೇಳ್ತಾರೆ ಎಂದು ಮುರುಗೇಶಪ್ಪಜ್ಜ ಎಲ್ಲರನ್ನೂ ನಗಿಸಿ ಅಲ್ಲೇ ಕೂರಿಸಿಕೊಂಡಿದ್ದಾನಂತೆ. ಅಜ್ಜ ಏಳದೆ ಯಾರೂ ಏಳುವುದಿಲ್ಲ. ಅವನಿಗೂ ಮೊಮ್ಮಗಳಿದ್ದಾಳೆ, ಅವಳ ಹೆಸರೂ ಹಾಳೆಯಲ್ಲಿದೆ.

ಶಾಲೆಯ ಕಿಟಕಿಯಿಂದ ಕಟ್ಟೆ ಕಾಣುತ್ತಿತ್ತು. ಅರಳಿಮರದ ಸುತ್ತ ಕಲ್ಲುಹಾಸು, ಅದರ ಮೇಲೆ ಬಿಳಿ ಪಂಚೆ, ಬಿಳಿ ರುಮಾಲು, ಮೂವತ್ತೋ ನಲವತ್ತೋ ಮಂದಿ ಗಂಡಸರು. ಎಲ್ಲರೂ ಶಾಲೆಯ ಕಡೆಗೇ ನೋಡುತ್ತಿದ್ದರು. ಬರಲು ಒಲ್ಲದವರು ಹೀಗೆ ನೋಡುವುದಿಲ್ಲ, ಕರೆಯಲಿ ಎಂದು ಕಾಯುವವರು ನೋಡುತ್ತಾರೆ ಎಂದು ಅವಳಿಗೆ ಹೊಳೆಯಿತು. ಮಧ್ಯೆ ಇದ್ದದ್ದು ಐವತ್ತು ಹೆಜ್ಜೆ. ಆ ಐವತ್ತು ಹೆಜ್ಜೆಯನ್ನು ತನ್ನ ಹದಿನೆಂಟು ಪುಟದಲ್ಲಿ ಎಲ್ಲಿ ಬರೆಯಬೇಕಿತ್ತೆಂದು ಅವಳು ಒಂದು ಗಳಿಗೆ ಯೋಚಿಸಿದಳು. ಕಟ್ಟೆಯ ಮೇಲೆ ಕುಳಿತ ಗಂಡಸರ ಮುಂದೆ ಹೊನ್ನಾಳಿಯಲ್ಲಿ ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದಳು. ತಾನು ದಾಟುವುದಿರಲಿ, ಗಂಡ ಸತ್ತ ಮೇಲೆ ಆ ಬೀದಿಯನ್ನೇ ಬಿಟ್ಟು ಹಿತ್ತಿಲ ದಾರಿ ಹಿಡಿಯುತ್ತಿದ್ದಳು. ಸೆರಗು ಹೊದ್ದುಕೊಂಡಳು, ಹಾಳೆಗಳಿದ್ದ ರಟ್ಟನ್ನು ಎದೆಗೆ ಅವಚಿದಳು, ಆಮೇಲೆ ಹಾಗೆ ಅವಚಿಕೊಂಡರೆ ಹೆದರಿದ ಹಾಗೆ ಕಾಣುತ್ತದೆಂದು ಕೆಳಗಿಳಿಸಿದಳು. ನಡೆಯುತ್ತಿರುವಾಗ ಒಂದೊಂದು ಕಣ್ಣೂ ಅವಳ ಹಣೆಗೆ ಬಂದು ತಾಗಿ ಹೋದದ್ದು ತಿಳಿಯಿತು. ಬೆಳಗಿನ ವಿಭೂತಿ ಬಿಟ್ಟರೆ ಅಲ್ಲಿ ನೋಡಲು ಏನೂ ಇರಲಿಲ್ಲ. ನೋಡಲಿ.

ಮುರುಗೇಶಪ್ಪಜ್ಜ ಕಟ್ಟೆಯ ನಡುವೆ ಕಾಲು ಮಡಚಿ ಕುಳಿತಿದ್ದ. ಎಂಬತ್ತರ ಹತ್ತಿರ, ಬಾಯಲ್ಲಿ ಹಲ್ಲಿಲ್ಲ, ಕಣ್ಣಲ್ಲಿ ಎಲ್ಲ ಇತ್ತು. ಕೂತ್ಕಳವ್ವ ಎಂದು ಕಲ್ಲಿನ ಒಂದು ಮೂಲೆಯನ್ನು ಹೆಗಲ ಮೇಲಿನ ವಸ್ತ್ರದಿಂದ ಝಾಡಿಸಿದ. ಅವಳು ಕೂತಳು. ಐದನೇ ತರಗತಿಯ ವಿಷಯವನ್ನು ಎರಡೇ ಮಾತಿನಲ್ಲಿ ಹೇಳಿದಳು. ಕಲಿತುಕೊಂಡು ಬಂದಿದ್ದ ಉಳಿದ ಮಾತುಗಳು ಅಲ್ಲಿಯ ಗಾಳಿಗೆ ಸರಿಬರಲಿಲ್ಲ. ಎಲ್ಲರೂ ಅಜ್ಜನ ಬಾಯಿ ನೋಡಿದರು. ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ಮುಗಿಸಿ, ಅವಳನ್ನೇ ನೋಡುತ್ತ ಕೇಳಿದ.

"ನೀನು ಎಷ್ಟು ಓದೀಯವ್ವ?"

ಅವಳು ಹೇಳಿದಳು, ಹದಿನೇಳು ವರ್ಷ ಎಂದು.

"ಹದಿನೇಳು ವರ್ಷ ಓದಿ ಏನಾತು?"

ಅದರಲ್ಲಿ ಕೆಡುಕಿರಲಿಲ್ಲ, ಎತ್ತಿನ ಹಲ್ಲು ಎಣಿಸುವವನ ಹಾಗೆ ಕೇಳಿದ್ದ. ಆದರೆ ಕಟ್ಟೆಯ ಮೇಲಿದ್ದವರಿಗೆಲ್ಲ ಅದು ಎಲ್ಲಿ ತಾಗಿತೆಂದು ತಿಳಿದು, ಒಬ್ಬಿಬ್ಬರು ಮುಖ ತಿರುಗಿಸಿದರು. ಪಂಚಾಕ್ಷರಪ್ಪ ಕೆಮ್ಮಿದ. ಮನೆಗಳ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಕಟ್ಟೆಯ ಕಡೆ ಕತ್ತು ಚಾಚಿದರು. ಕಸ್ತೂರಿಗೆ ತಾನು ಈ ಪ್ರಶ್ನೆಗಾಗಿಯೇ ಎರಡು ವರ್ಷ ಕಾದಿದ್ದೆ ಅನ್ನಿಸಿತು. ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಕಚೇರಿಯಲ್ಲಿ ಎಲ್ಲರೂ ಇದನ್ನು ಬಾಯಲ್ಲಿಟ್ಟುಕೊಂಡು ಬೇರೇನೋ ಕೇಳುತ್ತಿದ್ದರು, ಊಟ ಆಯ್ತಾ, ಬಸ್ಸು ಸಿಕ್ತಾ. ಕೊನೆಗೆ ಒಬ್ಬ ಮುದುಕ ಕೇಳಿದ. ಉತ್ತರಗಳು ಬಂದವು, ನನ್ನ ಅನ್ನ ನಾನು ದುಡಿದು ಉಣ್ಣುತ್ತೇನೆ, ಯಾರ ಹಂಗಿಲ್ಲ. ಎಲ್ಲ ನಿಜ, ಎಲ್ಲ ಸುತ್ತೋಲೆಯ ಭಾಷೆ. ಅವಳು ಅವುಗಳನ್ನು ಬಿಟ್ಟಳು.

"ಹದಿನೇಳು ವರ್ಷ ಓದಿ, ಸೋಮವಾರ ಎತ್ತು ಹೂಡಲ್ಲ ಅನ್ನೋದು ಮರೆತೆ ಅಜ್ಜ," ಅಂದಳು. "ನಮ್ಮದು ಹೊನ್ನಾಳಿ. ನಮ್ಮಪ್ಪನವು ಎರಡು ಜೊತೆ ಎತ್ತಿದ್ದವು. ಸೋಮವಾರ ಸೋಮವಾರ ನಾನೇ ವಿಭೂತಿ ಹಚ್ಚುತಿದ್ದೆ. ಮರೆತು, ಬಿತ್ತಿಗೆ ಹೊತ್ತಿನಾಗೆ ಭಾನುವಾರ ಸಭೆ ಕರೆದು, ಯಾರೂ ಬರಲಿಲ್ಲ ಅಂತ ನಿಮ್ಮ ಮೇಲೇನೇ ಬರೆದೆ."

ಅಜ್ಜನ ಬಾಯಿ ಸುಣ್ಣದೆಲೆಯ ಸಮೇತ ತೆರೆದೇ ಇತ್ತು. ಆಮೇಲೆ ಅವನ ಹೊಟ್ಟೆ ಅಲುಗಾಡಿತು, ಹೆಗಲು ಅಲುಗಾಡಿತು, ಹಲ್ಲಿಲ್ಲದ ಬಾಯಿಂದ ಗಾಳಿಯಂಥ ನಗು ಹೊರಟಿತು, ಅದು ಕಟ್ಟೆಯ ಈ ತುದಿಯಿಂದ ಆ ತುದಿಗೆ ಹತ್ತಿಕೊಂಡಿತು. ಒಬ್ಬ ತೊಡೆ ತಟ್ಟಿಕೊಂಡ. ಇನ್ನೊಬ್ಬ, ಇವತ್ತಿನ ತನಕ ಕಚೇರಿಯೋರು ಒಬ್ರೂ ತಪ್ಪಾತು ಅಂದಿದ್ದು ಕೇಳಿರಲಿಲ್ಲ ನೋಡ್ರಿ ಎಂದ. ಅಜ್ಜ ಕಣ್ಣೊರೆಸಿಕೊಂಡು, ಹಂಗಾರೆ ನಮ್ಮ ಹುಡುಗೀರಿಗೆ ಐದನೇದು ಕೊಡಿಸೋಣ, ಹದಿನೇಳನೇದು ಬ್ಯಾಡ, ಎತ್ತು ಯಾವ್ದು ಎಮ್ಮೆ ಯಾವ್ದು ಅಂತ ಕೇಳ್ತಾವೆ ಎಂದ. ಮತ್ತೆ ನಗು. ಆ ನಗುವಿನೊಳಗೆ ತಾನೂ ಇರುವುದು ಕಸ್ತೂರಿಗೆ ಈ ಸಲ ಆಗಲೇ ತಿಳಿಯಿತು. ಗಿರಣಿಯಲ್ಲಿ ತೆರೆದ ಗಂಟಲಿನಿಂದಲೇ ಅದು ಬರುತ್ತಿತ್ತು. ಮಹೇಶ್ವರಪ್ಪ ಇದ್ದಿದ್ದರೆ ಈ ಮಾತನ್ನು ನೂರು ಸ್ನೇಹಿತರಿಗೆ ಹೇಳಿ ಅವಳ ಮಾನ ಕಳೆಯುತ್ತಿದ್ದ ಎಂದು ನೆನೆದಳು. ಎರಡು ವರ್ಷದಲ್ಲಿ ಅವನು ಸಾಯದೆ, ಮಲಗಿರದೆ, ಕಾಗದದಲ್ಲಿರದೆ, ನಗುತ್ತ ನೆನಪಾದದ್ದು ಇದೇ ಮೊದಲು.

ಪಂಚಾಕ್ಷರಪ್ಪ ಓಡಿಹೋಗಿ ಮೇಜನ್ನೇ ಹೊತ್ತು ತಂದ. ಅಜ್ಜ ಮೊದಲು ಹೆಬ್ಬೆಟ್ಟು ಒತ್ತಿದ. ಒತ್ತಿ, ಬೆರಳ ಮಸಿಯನ್ನು ಪಕ್ಕದವನ ಪಂಚೆಗೆ ಒರೆಸಲು ಹೋಗಿ ಬೈಸಿಕೊಂಡ. ಸಹಿ ಬರುವವರು ತಮ್ಮ ಹೆಸರನ್ನು ಉಳುವಷ್ಟೇ ನಿಧಾನವಾಗಿ ಬರೆದರು, ನಾಲಿಗೆ ಕಚ್ಚಿಕೊಂಡು. ಹತ್ತೊಂಬತ್ತಕ್ಕೆ ಸಾಲು ನಿಂತಿತು. ಉಳಿದವರು ಮಕ್ಕಳಿಲ್ಲದವರು, ಇಲ್ಲವೆ ದೊಡ್ಡ ಮಕ್ಕಳಿರುವವರು. ಆರು ಮನೆಯ ಗಂಡಸರು ನಸುಕಿನಲ್ಲೇ ಬೇರೆ ಊರಿಗೆ ಹೋಗಿದ್ದರಂತೆ, ಸಂಜೆಯ ಮೇಲೇ ಬರುವುದು. ಕಸ್ತೂರಿ ಹಾಳೆಯ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಅಷ್ಟರಲ್ಲಿ ಕೆಂಪಕ್ಕ ಬಾಗಿಲಿನಿಂದ ಇಳಿದು ಕಟ್ಟೆಯ ಹತ್ತಿರ ಬಂದಳು. ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇತ್ತು.

"ನಾವು ಒತ್ತಬಾರದಾ?" ಎಂದು ಕೇಳಿದಳು. "ಹೆತ್ತಿದ್ದು ನಾವಲ್ಲೇನು?"

ಹಾಳೆಯ ಮೇಲೆ ಪಾಲಕರ ಸಹಿ ಎಂದಷ್ಟೇ ಇತ್ತು. ಗಂಡಸರದೆಂದು ಎಲ್ಲೂ ಇರಲಿಲ್ಲ. ಆ ಹಾಳೆಯನ್ನು ಬರೆದವಳು ಅವಳೇ. ಗಂಡಸರದೆಂದುಕೊಂಡದ್ದೂ ಅವಳೇ. ಒತ್ತಿ ಅಕ್ಕ ಎಂದಳು. ಕೆಂಪಕ್ಕ ಹಿಟ್ಟಿನ ಬೆರಳನ್ನು ಸೆರಗಿಗೆ ಒರೆಸಿ ಮಸಿಯಲ್ಲಿ ಅದ್ದಿದಳು. ಅವಳ ಹಿಂದೆ ಮತ್ತೊಬ್ಬಳು, ಮತ್ತೊಬ್ಬಳು. ಕಟ್ಟೆಯ ಮೇಲಿದ್ದ ಗಂಡಸರು ಸರಿದು ಜಾಗ ಬಿಡಬೇಕಾಯಿತು. ಆಗಲೇ ಒತ್ತಿದ್ದವರ ಹೆಂಡಂದಿರೂ ಬಂದರು. ನಿಮ್ಮನೆಯೋರು ಒತ್ತಾಯ್ತಲ್ಲ ಎಂದು ಪಂಚಾಕ್ಷರಪ್ಪ ತಡೆದರೆ, ಅವರದು ಅವರಿಗೆ, ನಮ್ಮದು ನಮಗೆ ಅಂದರು. ಇಪ್ಪತ್ತೈದು ಯಾವಾಗ ದಾಟಿತೋ ಯಾರೂ ನೋಡಲಿಲ್ಲ. ಕೊನೆಗೆ ಎಣಿಸಿದಾಗ ನಲವತ್ತಮೂರು ಇತ್ತು, ಎರಡನೆಯ ಹಾಳೆ ಹಿಂಬದಿಗೂ ಹೋಗಿತ್ತು. ಮಲ್ಲಿಕಾರ್ಜುನಪ್ಪನವರು ಒಂದೊಂದು ಮಸಿಯ ಬೊಟ್ಟನ್ನೂ ಕನ್ನಡಕ ತೆಗೆದು ಹಾಕಿ ನೋಡುವುದನ್ನು ನೆನೆದು ಅವಳಿಗೆ ನಗು ಬಂತು. ನೋಡಲಿ, ನೋಡಿ ಹರಿಯಲಿ.

ಅವಳನ್ನು ಹಾಗೇ ಕಳಿಸಲಿಲ್ಲ. ಕೆಂಪಕ್ಕನ ಮನೆಯಲ್ಲಿ ಒಲೆಯ ಮುಂದೆ ಮಣೆ ಹಾಕಿ, ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಬಟ್ಟಲು ಮೊಸರು. ಸಾಕೆಂದರೆ ಕೇಳುವವರಿಲ್ಲ. ಬಾಗಿಲಲ್ಲಿ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು. ಅವಳು ತುತ್ತು ನಿಲ್ಲಿಸಿ ಹಾಳೆಯಲ್ಲಿದ್ದ ಹನ್ನೊಂದು ಹೆಸರನ್ನೂ ಒಂದೊಂದಾಗಿ ಕರೆದಳು. ಕರೆದವಳು ಹೂಂ ಎನ್ನದೆ ಹಿಂದಕ್ಕೆ ಓಡಿಹೋದಳು, ಪಕ್ಕದವಳು ಇವಳೇ ಇವಳೇ ಎಂದು ಎಳೆದು ತಂದಳು. ಮೂರರ ಬಸ್ಸಿಗೆ ಹೊರಟಾಗ ಕೆಂಪಕ್ಕ ಊರಬಾಗಿಲಿನ ತನಕ ಬಂದಳು. ಮೋಡ ಸರಿದು ಬಿಸಿಲು ಬಂದಿತ್ತು.

"ಮುಂದಿನ ಸೋಮಾರ ಏನ್ ಹೇಳಾಕೆ ಬರ್ತೀರಿ ತಂಗಿ?" ಎಂದು ಕೇಳಿದಳು.

ಕಸ್ತೂರಿ ಯೋಚಿಸಿದಳು. ಪಠ್ಯಪುಸ್ತಕ, ಹಾಜರಿ, ಲಸಿಕೆ, ಏನಾದರೂ ಒಂದು ಇರಲೇಬೇಕಿತ್ತು. ಏನೂ ಸಿಗಲಿಲ್ಲ.

"ಹೇಳಾಕೆ ಏನೂ ಇಲ್ಲ ಅಕ್ಕ. ಸುಮ್ನೆ ಬರ್ತೀನಿ."

ಕೆಂಪಕ್ಕ ಅವಳ ಮುಖವನ್ನು ಒಂದು ಸಲ ನೋಡಿದಳು.

"ಹಂಗಾರೆ ಉಣ್ಣೋ ಹೊತ್ತಿಗೆ ಬಾ," ಅಂದಳು.